ಖಾನಾಪುರದ ಟಪಾಲು ಚೀಲ

ಬೆಳಗಾವಿ
೮ ಜನವರಿ ೧೯೨೨, ರವಿವಾರ

ಅಕ್ಕಾ, ಜಯಜಿನೇಂದ್ರ.

ನಿನ್ನ ಕಾಲಿಗೆ ಬಿದ್ದಿದ್ದೇನೆ ಎಂದು ತಿಳಿ. ಎದುರಿಗಿದ್ದಾಗ ಬೀಳಲು ನಾಚಿಕೆ. ಕಾಗದದಲ್ಲಿ ಎಷ್ಟು ಸಲ ಬೇಕಾದರೂ ಬೀಳಬಹುದು.

ನಿನ್ನ ನೇಮಣ್ಣನಿಗೆ ನೌಕರಿ ಸಿಕ್ಕಿತು! ಅದೂ ಸರಕಾರಿ ನೌಕರಿ. ಅವ್ವ ತೀರಿಕೊಂಡಾಗ ಏಳು ವರ್ಷದವನಾಗಿದ್ದ ನನ್ನನ್ನು ನಿನ್ನ ಹೆಣ್ಣುಮಕ್ಕಳ ಸಾಲೆಯಲ್ಲೇ ಹಿಂದಿನ ಸಾಲಿಗೆ ಕೂಡಿಸಿ ಅಕ್ಷರ ತಿದ್ದಿಸಿದೆ. ಖಾನಾಪುರದ ಹುಡುಗರು "ನೇಮವ್ವ" ಎಂದು ಕರೆದು ನಕ್ಕದ್ದನ್ನು ನಾನು ಇನ್ನೂ ಮರೆತಿಲ್ಲ. ಆ ಅಕ್ಷರವೇ ಈಗ ಅನ್ನಕ್ಕೆ ದಾರಿ ಮಾಡಿತು. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬರುವ ಕಾರಕೂನ ಬೇಕಾಗಿದ್ದನಂತೆ. ಕಾಗದ ಓದುವುದು, ಅದರ ಸಾರವನ್ನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಬರೆದುಕೊಡುವುದು, ಇಷ್ಟೇ ಕೆಲಸ. ಯಾವ ಕಾಗದ ಎಂದು ಕೇಳಬೇಡ. ಹೊರಗೆ ಬಾಯಿ ಬಿಡುವುದಿಲ್ಲವೆಂದು ಸಹಿ ಮಾಡಿಸಿಕೊಂಡಿದ್ದಾರೆ. ದೇಸೂರಿನ ಹತ್ತಿರ ಯಾರೋ ರೈಲು ಹಳಿಯ ಬದಿಯ ತಂತಿ ಕಡಿದ ಮೇಲೆ ಇಲ್ಲಿ ಎಲ್ಲರಿಗೂ ಗೋಡೆಗೂ ಕಿವಿ ಇದೆಯೆಂಬ ಅಂಜಿಕೆ.

ಖಡೇಬಜಾರದ ಹಿಂದಿನ ಗಲ್ಲಿಯಲ್ಲಿ ಕೋಣೆ ಹಿಡಿದಿದ್ದೇನೆ. ಕಚೇರಿಯಲ್ಲಿ ನನ್ನ ಎದುರಿಗೆ ಕೂಡುವವನು ಗೋಕಾಕದ ಲಕ್ಷ್ಮಪ್ಪ, ಬಲು ಸಾಧು. ಒಂದೇ ಕಷ್ಟ. ಕಚೇರಿ ಬಿಡುವುದರೊಳಗೆ ಹೊತ್ತು ಮುಳುಗಿಬಿಡುತ್ತದೆ. ಕತ್ತಲಾದ ಮೇಲೆ ಉಣ್ಣದ ನಮ್ಮ ಮನೆತನದ ನೇಮ ಮುರಿಯಬಾರದೆಂದು ಎರಡು ದಿನ ಬರೀ ಹೊಟ್ಟೆಯಲ್ಲಿ ಮಲಗಿದೆ. ಲಕ್ಷ್ಮಪ್ಪ ಈಗ ನಾಲ್ಕು ಗಂಟೆಗೇ ತನ್ನ ಬುತ್ತಿ ಬಿಚ್ಚಿ, "ಉಣ್ರಿ ನೇಮಣ್ಣಾರ, ಸೂರ್ಯ ಇನ್ನೂ ಅದಾನ" ಎನ್ನುತ್ತಾನೆ.

ನಿನ್ನ ತಮ್ಮ
ನೇಮಣ್ಣ

*

ಖಾನಾಪುರ
೧೨ ಜನವರಿ ೧೯೨೨

ಚಿರಂಜೀವಿ ನೇಮವ್ವನಿಗೆ,

ಸಿಟ್ಟಾಗಬೇಡ, ಇದೊಂದು ಸಲ ಕರೆಯುತ್ತೇನೆ. ನಿನ್ನ ಪತ್ರ ಓದಿ ಬಸದಿಗೆ ಹೋಗಿ ಬಂದೆ. ಸಾಲೆಯ ಹುಡುಗಿಯರಿಗೆಲ್ಲ ಬೆಲ್ಲ ಹಂಚಿದೆ. ಲಕ್ಷ್ಮಪ್ಪನಿಗೆ ನನ್ನ ಆಶೀರ್ವಾದ ಹೇಳು. ತನ್ನ ಬುತ್ತಿಯನ್ನು ಇನ್ನೊಬ್ಬರ ಹೊತ್ತಿಗೆ ಬಿಚ್ಚುವವನು ಒಳ್ಳೆಯವನೇ ಇರಬೇಕು.

ಇಲ್ಲಿಯೂ ಅಂಜಿಕೆಯೇ. ಪೊಲೀಸರು ಬಂದು ಕಟ್ಟಿಗೆ ಅಡ್ಡೆಯಲ್ಲಿ ಗಾಡಿಗಳನ್ನೆಲ್ಲ ಕೆದರಿ ಹೋದರು. ಗಾಡಿ ಹೊಡೆಯುವ ನಮ್ಮ ಗುರುಪುತ್ರಪ್ಪನನ್ನು ಒಂದು ದಿನ ಕೂಡಿಸಿಕೊಂಡು ಬಿಟ್ಟರು. ಅವನ ಹೆಂಡತಿ ಚಂದ್ರವ್ವ ಅತ್ತು ಅತ್ತು ನನ್ನ ಕಟ್ಟೆಯ ಮೇಲೆಯೇ ನಿದ್ದೆ ಹೋದಳು.

ನನ್ನ ಕಟ್ಟೆ ಗೊತ್ತಲ್ಲ. ಸಾಲೆ ಬಿಟ್ಟ ಮೇಲೆ ಓಣಿಯ ಹೆಂಗಸರು ಅಲ್ಲಿ ಬಂದು ಪತ್ರ ಬರೆಸುತ್ತಾರೆ. ಮಗನಿಗೆ, ತವರಿಗೆ, ದೂರದ ಗಂಡನಿಗೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಅಂಟಿಸಿ ಕೊಟ್ಟು, ಕೇಳಿದ ಮಾತನ್ನು ಕಟ್ಟೆಯ ಮೇಲೆಯೇ ಬಿಟ್ಟು ಒಳಗೆ ಬರುತ್ತೇನೆ. ಒಬ್ಬಳ ಮಾತು ಇನ್ನೊಬ್ಬಳಿಗೆ ನನ್ನ ಬಾಯಿಂದ ಹೋದದ್ದಿಲ್ಲ. ಈ ಹದಿನಾರು ವರ್ಷ ನಾನು ಗಳಿಸಿದ್ದು ಅಷ್ಟೇ ನೋಡು.

ಇದರೊಳಗೆ ಕುಸುರೆಳ್ಳು ಇಟ್ಟಿದ್ದೇನೆ. ಸಂಕ್ರಾಂತಿಯ ದಿನ ತಿಂದು ಒಳ್ಳೆಯ ಮಾತಾಡು.

ಸೋನಾಬಾಯಿ

*

ಬೆಳಗಾವಿ
೨೨ ಜನವರಿ ೧೯೨೨

ಅಕ್ಕಾ,

ಕುಸುರೆಳ್ಳು ಮುಟ್ಟಿತು. ಲಕ್ಷ್ಮಪ್ಪನಿಗೂ ಕೊಟ್ಟೆ.

ಇಲ್ಲಿ ಕೆಲಸ ಹೆಚ್ಚಾಗಿದೆ. ಒಂದು ಮಾತು ಬರೆಯಬೇಕೆಂದಿದ್ದೇನೆ, ತಪ್ಪು ತಿಳಿಯಬೇಡ. ಸ್ವಲ್ಪ ದಿನ ಆ ಕಟ್ಟೆಯ ಪತ್ರ ಬರೆಯುವುದನ್ನು ಬಿಟ್ಟುಬಿಡು. ಕಾಲ ಸರಿಯಿಲ್ಲ. ಯಾರು ಯಾರಿಗೆ ಏನು ಬರೆಸುತ್ತಾರೆ, ಅದರ ಹಿಂದೆ ಏನಿದೆ, ನಿನಗೇನು ಗೊತ್ತು? ಅಕ್ಷರ ನಿನ್ನದು. ನಾಳೆ ಕೇಳುವವರು ಅಕ್ಷರದ ಒಡತಿಯನ್ನೇ ಕೇಳುತ್ತಾರೆ. ಊರ ಉಸಾಬರಿ ನಿನಗೇಕೆ?

ನಮ್ಮ ಓಣಿಯ ರೇಣವ್ವನ ಕೆಮ್ಮಿಗೆ ಇಲ್ಲಿಯ ಪಂಡಿತರು ಕೊಟ್ಟ ಜ್ಯೇಷ್ಠಮಧುವಿನ ಪುಡಿ ಕಳಿಸಿದ್ದೇನೆ. ಜೇನಿನಲ್ಲಿ ಕಲಸಿ ನೆಕ್ಕಲಿ.

ನೇಮಣ್ಣ

*

ಖಾನಾಪುರ
೨೬ ಜನವರಿ ೧೯೨೨

ನೇಮಣ್ಣಾ,

ಸರಕಾರದ ಕುರ್ಚಿಯಲ್ಲಿ ಹದಿನೈದು ದಿನ ಕುಳಿತದ್ದಕ್ಕೆ ಅಕ್ಕನಿಗೆ ಬುದ್ಧಿ ಹೇಳುವಷ್ಟು ದೊಡ್ಡವನಾದೆ! ಇರಲಿ, ಪ್ರೀತಿಗೆ ಹೇಳಿದ್ದೀ ಎಂದು ತಿಳಿದೆ. ಆದರೆ ಪತ್ರ ಬರೆಯುವುದನ್ನು ಬಿಡಲಾರೆ. ಬಾಯಿ ಇಲ್ಲದವರಿಗೆ ನಾನು ಬಾಯಿ ಆಗಿದ್ದೇನೆ. ಕಾಲ ಸರಿಯಿಲ್ಲ ಎಂದು ಬಾಯಿ ಮುಚ್ಚಿಕೊಂಡರೆ ಕಾಲ ಸರಿ ಹೋಗುತ್ತದೆಯೇ?

ರೇಣವ್ವನ ಕೆಮ್ಮಿನ ಸುದ್ದಿಯನ್ನು ನಿನಗೆ ನಾನು ಯಾವಾಗ ಬರೆದೆ? ಅವಳ ಮಗ ಈರಣ್ಣನಿಗೆ ಬರೆದುಕೊಟ್ಟದ್ದು ನೆನಪಿದೆ. ನಿನಗೂ ಬರೆದಿರಬೇಕು. ವಯಸ್ಸಾಯಿತು, ಮರೆವು. ಪುಡಿಯಿಂದ ಗುಣ ಕಂಡಿದೆ, ಮುದುಕಿ ನಿನ್ನನ್ನು ಹರಸುತ್ತಿದ್ದಾಳೆ.

ಬರುವ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಂದು ಕೆಲಸವಿದೆ. ಈಗ ಹೇಳುವಂಥದ್ದಲ್ಲ. ಕೈಗೂಡಿದ ಮೇಲೆ ನಿನಗೇ ತಿಳಿಯುತ್ತದೆ.

ಅಕ್ಕ

*

ಬೆಳಗಾವಿ
೫ ಫೆಬ್ರುವರಿ ೧೯೨೨, ರವಿವಾರ

ಅಕ್ಕಾ,

ನಿನ್ನ ಕಾಲು ಹಿಡಿದು ಕೇಳುತ್ತೇನೆ. ಮಂಗಳವಾರ ಹೊತ್ತು ಮುಳುಗಿದ ಮೇಲೆ ಮನೆಯ ಬಾಗಿಲು ತೆರೆಯಬೇಡ. ಯಾರೇ ಬರಲಿ, ಐದು ಮಂದಿ ಬರಲಿ, ಒಬ್ಬರೇ ಬರಲಿ, ಒಳಗೆ ಬಿಟ್ಟುಕೊಳ್ಳಬೇಡ. ಕೂಡುವ ಮನೆ ಯಾರದೋ ಅವರಿಗೇ ಮೊದಲು ಬೇಡಿ ಬೀಳುತ್ತದೆ. ಬೆಳಗಾವಿಯಿಂದ ಯಾರೂ ಬರುವುದಿಲ್ಲ. ಅಷ್ಟನ್ನು ನಾನು ನೋಡಿಕೊಂಡಿದ್ದೇನೆ.

ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದ ನೀನು ಇಂಥದರಲ್ಲಿ ಹೇಗೆ ಬಿದ್ದೆ? ಏಕೆ, ಏನು ಎಂದು ತಿರುಗಿ ಬರೆಯಬೇಡ. ಈ ಕಾಗದವನ್ನು ಒಲೆಗೆ ಹಾಕು.

ನಿನ್ನ ಹೊರತು ನನಗೆ ಯಾರೂ ಇಲ್ಲ ಅಕ್ಕಾ.

*

ಖಾನಾಪುರ
೯ ಫೆಬ್ರುವರಿ ೧೯೨೨

ನೇಮಣ್ಣಾ,

ಇದನ್ನು ಟಪಾಲಿಗೆ ಹಾಕುತ್ತಿಲ್ಲ. ಕಟ್ಟಿಗೆ ಗಾಡಿಯ ಬಂಡೆಪ್ಪ ಬೆಳಗಾವಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಟ್ಟಿದ್ದೇನೆ.

ಕಟ್ಟೆಯ ಮೇಲಿನ ಮಾತನ್ನು ಮೊದಲ ಸಲ ಹೊರಗೆ ಹಾಕುತ್ತಿದ್ದೇನೆ, ಚಂದ್ರವ್ವ ನನ್ನನ್ನು ಕ್ಷಮಿಸಲಿ. ಅವಳು ಈಗ ಮೂರು ತಿಂಗಳ ಬಸುರಿ. ಹೋದ ವರ್ಷ ಮೂರೇ ತಿಂಗಳಿಗೆ ಹೋಯಿತು. ಓಣಿಯ ಕಣ್ಣು ತಾಗಿತು ಎಂದು ಅವಳ ನಂಬಿಕೆ. ಅದಕ್ಕೇ ಈ ಸಲ ಯಾರಿಗೂ ಗೊತ್ತಾಗದಂತೆ ಕಳ್ಳ ಕುಬಸ ಮಾಡಬೇಕೆಂದಳು. ನಿನಗೆ ಇದು ತಿಳಿಯದು, ನಮ್ಮಿಬ್ಬರದೇ ಮನೆಯಲ್ಲಿ ಯಾರ ಕುಬಸ ನೋಡಿದ್ದೀ? ಊರಿಗೆಲ್ಲ ಹೇಳಿ ಮಾಡುವ ಕುಬಸಕ್ಕಿಂತ ಮೊದಲು, ತವರಿನವರು ರವಿಕೆಯ ಹಸಿರು ಖಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು, ಐದು ಮುತ್ತೈದೆಯರ ಮುಂದೆ ಮಗಳಿಗೆ ಉಡಿ ತುಂಬಿ ಹೋಗುತ್ತಾರೆ. ಅದು ಗುಟ್ಟಾಗಿಯೇ ಆಗಬೇಕು. ವಿಧವೆಯ ಮನೆಯಲ್ಲಿ ಕುಬಸವಿದೆಯೆಂದು ಯಾರು ಅನುಮಾನಿಸುತ್ತಾರೆ? ಅದಕ್ಕೇ ನನ್ನ ಮನೆ. ಬೆಳಗಾವಿಯ ಅನಗೋಳದಲ್ಲಿರುವ ಅವಳ ತಾಯಿ ಕಾಶವ್ವನಿಗೆ ನಾನೇ ಪತ್ರ ಬರೆದುಕೊಟ್ಟೆ.

ಮಂಗಳವಾರ ಐದು ಹೆಂಗಸರು ಮಜ್ಜಿಗೆ ಕೇಳುವ ನೆವದಲ್ಲಿ ಒಬ್ಬೊಬ್ಬರೇ ಹಿತ್ತಲಿನಿಂದ ಬಂದರು. ನಾನು ಅಡುಗೆಮನೆಯಲ್ಲಿ ಕುಳಿತೆ. ಸಂಜೆಯ ರೈಲುಗಾಡಿ ಕೂಗಿತು, ನಿಂತಿತು, ಹೋಯಿತು. ಕಾಶವ್ವ ಬರಲಿಲ್ಲ. ಚಂದ್ರವ್ವ ಮಣೆಯ ಮೇಲೆ ಕುಳಿತೇ ಇದ್ದಳು. ಕೊನೆಗೆ, "ನಮ್ಮವ್ವಗ ನಾ ಬ್ಯಾಡಾದ್ನೇನ್ರಿ ಅಕ್ಕಾರ? ಒಂದ ಖಣಕ್ಕೂ ಬ್ಯಾಡಾದ್ನೇನ್ರಿ?" ಎಂದು ಎದ್ದು ಹೋದಳು. ಅಂದಿನಿಂದ ಅನ್ನ ಮುಟ್ಟುತ್ತಿಲ್ಲ. ಈ ಸಲವೂ ಉಳಿಯುವುದಿಲ್ಲ ಎನ್ನುತ್ತಾಳೆ.

ನಿನ್ನ ಕಾಗದ ನನಗೆ ಮುಟ್ಟಿದ್ದು ಬುಧವಾರ. ಈಗ ನನ್ನ ಪ್ರಶ್ನೆ. ಮಂಗಳವಾರ ಎಂಬುದು, ಐದು ಮಂದಿ ಎಂಬುದು ನಿನಗೆ ಹೇಗೆ ತಿಳಿಯಿತು? ಅದು ಇದ್ದದ್ದು ನಮ್ಮ ಬಾಯಲ್ಲಿ ಮತ್ತು ಆ ಲಕೋಟೆಯಲ್ಲಿ. ರೇಣವ್ವನ ಕೆಮ್ಮನ್ನೂ ನಾನು ನಿನಗೆ ಬರೆದಿರಲಿಲ್ಲ. ನನಗೆ ಮರೆವು ಬಂದಿಲ್ಲ ನೇಮಣ್ಣಾ.

ನೀನು ಓದುವ ಕಾಗದ ಯಾವುದು? ಆ ಪತ್ರ ಎಲ್ಲಿದೆ?

ಸೋನಾಬಾಯಿ

*

ಬೆಳಗಾವಿ
೧೨ ಫೆಬ್ರುವರಿ ೧೯೨೨

ಅಕ್ಕಾ,

ಬಂಡೆಪ್ಪ ಕೆಳಗೆ ಗಾಡಿ ನಿಲ್ಲಿಸಿ ಕಾಯುತ್ತಿದ್ದಾನೆ. ಇದನ್ನೂ ಅವನ ಕೈಯಲ್ಲೇ ಕಳಿಸುತ್ತೇನೆ.

ಹೌದು. ತಂತಿ ಕಡಿದ ದಿನದಿಂದ ಖಾನಾಪುರದ ಟಪಾಲು ಚೀಲ ಮೊದಲು ನಮ್ಮ ಕೋಣೆಗೆ ಬರುತ್ತದೆ. ನೀರಿನ ಹಬೆ ಹಿಡಿದು ಲಕೋಟೆ ಬಿಡಿಸುತ್ತೇವೆ, ಓದುತ್ತೇವೆ, ಮತ್ತೆ ಅಂಟಿಸುತ್ತೇವೆ. ಕಾಯದೆಯಲ್ಲಿ ಅದಕ್ಕೆ ಅವಕಾಶವಿದೆ. ಮೊದಲ ವಾರದಲ್ಲೇ ನಿನ್ನ ಅಕ್ಷರ ಕಂಡಿತು. ಎಷ್ಟು ಸಂತೋಷವಾಯಿತೆಂದರೆ, ಅದು ಬೇರೆಯವರ ಪತ್ರವೆಂಬುದೇ ಮರೆತುಹೋಯಿತು. ರೇಣವ್ವನ ಕೆಮ್ಮು ಓದಿದೆ, ಔಷಧಿ ಕಳಿಸಿದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡೆ.

ಆಮೇಲೆ ಈ ಪತ್ರ ಬಂತು. ಅದರ ಮೇಲೆ ಅನಗೋಳದ ಬಾಳಪ್ಪನ ಮನೆಯ ವಿಳಾಸ. ಕಾಶವ್ವನ ಮಗ ಬಾಳಪ್ಪ ಖಾದಿ ಟೋಪಿ ಹಾಕಿಕೊಂಡು ಸಾರಾಯಿ ಅಂಗಡಿಯ ಮುಂದೆ ಅಡ್ಡ ಮಲಗಿದವನು, ನಮ್ಮ ಪಟ್ಟಿಯಲ್ಲಿ ಅವನ ಹೆಸರಿದೆ. ಒಳಗೆ ಏನು ಬರೆದಿದ್ದೆ ನೆನಪಿದೆಯೆ? "ಮಂಗಳವಾರ ಹೊತ್ತು ಮುಳುಗಿದ ಮ್ಯಾಲ ಬಾ. ಸೋನಕ್ಕಾರ ಮನಿಯಾಗ ಐದು ಮಂದಿ ಕೂಡತೀವಿ, ಅಲ್ಲೆ ಯಾರಿಗೂ ಸಂಶೆ ಬರೂದಿಲ್ಲ. ಹೋದ ಸಲ ಆದಂಗ ಈ ಸಲ ಆಗಬಾರದು. ಹಸರು ಅರಿವಿ ಮುಚ್ಚಿಕೊಂಡು ತಾ. ಬಾಳಪ್ಪನ ಹೊರತು ಯಾರಿಗೂ ಹೇಳಬ್ಯಾಡ." ಅದರ ಹಿಂದಿನ ವಾರವಷ್ಟೇ ಬೇರೊಂದು ಪತ್ರದಲ್ಲಿ ರೈಲು ಹಳಿಯ ಬೋಲ್ಟು ಸಡಿಲಿಸುವ ಮಾತಿತ್ತು. ಹೋಗಿ ನೋಡಿದರೆ ಖರೇ ಇತ್ತು. ಆ ಪತ್ರ ಓದಿದ್ದಕ್ಕೆ ಒಂದು ಗಾಡಿ ತುಂಬ ಜನ ಉಳಿದರು ಅಕ್ಕಾ. ಅದನ್ನು ಓದಿದವನು ನಾನೇ. ಹಾಗಾಗಿ ಹಸಿರು ಅರಿವೆ ಎಂದರೆ ಗಾಡಿಗೆ ತೋರಿಸುವ ಹಸಿರು ನಿಶಾನೆ ಎಂದೇ ತಿಳಿದೆ. ನಿನ್ನನ್ನು ಯಾರೋ ಬಲೆಗೆ ಹಾಕಿದ್ದಾರೆ ಎಂದುಕೊಂಡೆ.

ಸಾಹೇಬರಿಗೆ ಕೊಟ್ಟರೆ ನಿನಗೆ ಬೇಡಿ. ಅನಗೋಳಕ್ಕೆ ಮುಟ್ಟಿಸಿದರೆ ನೀನು ಆ ಕೆಲಸದಲ್ಲಿ ಮುಳುಗುತ್ತೀ. ಎರಡೂ ಬೇಡವೆಂದು ಅಂಗಿಯೊಳಗೆ ಇಟ್ಟುಕೊಂಡೆ. ನಿನ್ನನ್ನು ಉಳಿಸಿದೆ ಎಂದು ಅಂದು ಚೆನ್ನಾಗಿ ನಿದ್ದೆ ಮಾಡಿದೆ.

ಈಗ ನಿದ್ದೆಯಿಲ್ಲ. ಪತ್ರ ನನ್ನ ಹತ್ತಿರವೇ ಇದೆ. ಏನು ಮಾಡಲಿ ಹೇಳು. ಬೈ, ಆದರೆ ಹೇಳು.

ನೇಮಣ್ಣ

*

ಖಾನಾಪುರ
೧೫ ಫೆಬ್ರುವರಿ ೧೯೨೨

ನೇಮ್ಯಾ,

ಎರಡು ಸಲ ಬರೆದು ಹರಿದೆ, ಈ ಮೂರನೆಯದು ಬಂಡೆಪ್ಪನ ಕೈಯಲ್ಲಿ ಬರುತ್ತದೆ. ಮೊದಲನೆಯದರಲ್ಲಿ ಬರೀ ಬೈಗುಳವಿತ್ತು, ಎರಡನೆಯದರಲ್ಲಿ ಬರೀ ಅಳು.

ಒಂದು ಗಾಡಿ ಉಳಿಯಿತು ಎಂದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಗಾಡಿಯಲ್ಲಿ ನನ್ನ ಸಾಲೆಯ ಹುಡುಗಿಯರು ಇರಬಹುದಿತ್ತು. ಹಳಿ ಕೀಳುವವರನ್ನು ಹಿಡಿಯಬೇಡಿ ಎಂದು ಯಾರೂ ಹೇಳಲಾರರು. ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೇನೋ? ಒಬ್ಬನ ಮೇಲೆ ಅನುಮಾನವಿದ್ದರೆ ಅವನ ಪತ್ರ ಒಡೆಯಿರಿ, ಯಾರು ಒಡೆದರು, ಏಕೆ ಒಡೆದರು ಎಂದು ಆಮೇಲೆ ಅವನಿಗೆ ಹೇಳಿ. ಇಡೀ ತಾಲೂಕಿನ ಕೆಮ್ಮು, ಬಸುರು, ಅತ್ತೆಯ ಕಾಟ ಎಲ್ಲವನ್ನೂ ಹಬೆಗೆ ಹಿಡಿದರೆ, ನಿನ್ನಂಥ ಮದುವೆಯಾಗದ ಹುಡುಗನಿಗೆ ಕುಬಸವೂ ಒಳಸಂಚಾಗಿ ಕಾಣುತ್ತದೆ. ನೀನು ಕೆಟ್ಟವನಲ್ಲ. ನೀನು ಅಂಜಿದ್ದೆ, ಅಂಜಿದವನ ಕೈಯಲ್ಲಿ ಊರಿನ ಮಾತೆಲ್ಲ ಇತ್ತು, ಕೇಳುವವರು ಯಾರೂ ಇರಲಿಲ್ಲ. ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಓದಿದ್ದು ಗೊತ್ತಾಗುತ್ತದೆಂದು ಕೇಳಲಿಲ್ಲ.

ನಾನು ಅನುಮಾನ ಬಂದು ಪತ್ರವನ್ನು ಬಂಡೆಪ್ಪನ ಕೈಯಲ್ಲಿ ಕೊಟ್ಟೆ. ನೀನು ಗೊತ್ತಿದ್ದೇ ಅವನ ಕೈಯಲ್ಲಿ ಕೊಟ್ಟೆ. ಟಪಾಲಿನ ಕೋಣೆಯಲ್ಲಿ ಕೂಡುವವನೇ ಟಪಾಲನ್ನು ನಂಬಲಿಲ್ಲ! ಇನ್ನು ಹೆಚ್ಚಿಗೆ ನಾನು ಹೇಳುವುದೇನಿದೆ.

ಈಗ ಮಾಡಬೇಕಾದ್ದು. ಆ ಪತ್ರವನ್ನು ನೀನೇ ಅನಗೋಳಕ್ಕೆ ಒಯ್ಯಿ. ಕಾಶವ್ವನ ಮುಂದೆ ಕುಳಿತು ನಿನ್ನ ಬಾಯಿಂದಲೇ ಓದಿ ಹೇಳು. ಏಕೆ ತಡವಾಯಿತೆಂದೂ ಹೇಳು. ಹೋಗುವಾಗ ಅಂಗಡಿಯಲ್ಲಿ ಒಂದು ಹಸಿರು ಖಣ ಕೊಂಡುಕೋ. ಅಂಗಡಿಯವನು ನಕ್ಕರೆ ನಗಲಿ.

ಲಗೂನ ಹೋಗು. ಚಂದ್ರವ್ವ ಗಂಜಿಯನ್ನಷ್ಟೇ ಕುಡಿಯುತ್ತಿದ್ದಾಳೆ.

ಅಕ್ಕ

*

ಬೆಳಗಾವಿ
೨೦ ಫೆಬ್ರುವರಿ ೧೯೨೨, ಸೋಮವಾರ

ಅಕ್ಕಾ,

ಹೋಗಿ ಬಂದೆ.

ನಿನ್ನೆ ಮೊದಲು ಖಣದ ಅಂಗಡಿ. ಅಂಗಡಿಯವನು ಹತ್ತು ಖಣ ಬಿಚ್ಚಿ ಹಾಕಿ, "ಯಾರ ಕುಬಸರಿ ತಮ್ಮಾ? ನಿಮ್ಮ ಮನಿಯಾಕೀದೇನ್ರಿ?" ಎಂದ. ಮದುವೆಯೇ ಆಗಿಲ್ಲ ಎಂದೆ. ಅಂಗಡಿಯಲ್ಲಿದ್ದ ಹೆಂಗಸರೆಲ್ಲ ನನ್ನತ್ತ ತಿರುಗಿದರು. ಹೇಗೆ ಹೊರಬಿದ್ದೆನೋ ತಿಳಿಯದು.

ಅನಗೋಳದಲ್ಲಿ ಬಾಗಿಲು ತೆರೆದವನು ಬಾಳಪ್ಪ. ನಾನು ಯಾರು, ಯಾವ ಕೋಣೆಯವನು ಎಂದು ಹೇಳಿದ ಕೂಡಲೇ ಕೊರಳಪಟ್ಟಿ ಹಿಡಿದ. ಒಳಗಿನಿಂದ ಕಾಶವ್ವ, "ಬಿಡೋ ಬಾಳ್ಯಾ. ಮೊದಲ ಓದಲಿ, ಆಮ್ಯಾಲ ಬಡಿ" ಎಂದರು. ಕುಳಿತು ಓದಿದೆ. ನಿನ್ನ ಅಕ್ಷರವನ್ನು ಗಟ್ಟಿಯಾಗಿ ಓದಿದ್ದು ಹಿಂದಿನ ಸಾಲಿನ ಆ ದಿನಗಳ ಮೇಲೆ ಇದೇ ಮೊದಲು. "ಹಸರು ಅರಿವಿ" ಎಂಬಲ್ಲಿಗೆ ಬಂದಾಗ ಕಾಶವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗು ಎಂದುಕೊಂಡೆ. ಅಳುತ್ತಿದ್ದರು.

ಆಮೇಲೆ ಹೇಳಿದರು: "ಓದಿದ್ದೂ ತಪ್ಪ ತಮ್ಮಾ, ಆದರ ಅದನ್ನ ನುಂಗತೀನಿ. ಈ ಹದಿನೈದು ದಿನ ನನ್ನ ಮಗಳು ಚೆಂದ ಅದಾಳ ಅಂತ ತಿಳಕೊಂಡು ನಾ ನಕ್ಕೋತ ಉಂಡೆ. ಅಲ್ಲಿ ಆಕಿ ಉಪಾಸ. ಆ ಊಟಾ ಹೆಂಗ ತಿರುಗಿ ತಗೋತಿ?"

ನಾನು ಖಣ ಮುಂದಿಟ್ಟೆ ಅಕ್ಕಾ. 

ಬಾಳಪ್ಪ ಅದನ್ನು ಎತ್ತಿ ಹಿಡಿದು, "ಕೈಮಗ್ಗದ್ದೇನು?" ಎಂದು ಕೇಳಿದ. ಗುಳೇದಗುಡ್ಡದ ಮಗ್ಗದ್ದು ಎಂದೆ. ತಾಯಿಯ ಕೈಗೆ ಕೊಟ್ಟ. ಕಾಶವ್ವ, "ತವರಿನ ಖಣ ನಾನ ತಗೋತೀನಿ. ಇದು ಸರಕಾರದ ಖಣ ಅಂತ ಬ್ಯಾರೆ ಇರಲಿ" ಎಂದಾಗ ಬಾಳಪ್ಪನಿಗೂ ನಗು ಬಂತು. ನಾಳೆ ಮಂಗಳವಾರ, ಸಂಜೆಯ ಗಾಡಿಗೆ ಬರುತ್ತಾರೆ. ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತೇನೆ.

ಇವತ್ತು ಮುಂಜಾನೆ ಹೆಡ್ ಕಾರಕೂನರ ಮುಂದೆ ನಿಂತು, ಪತ್ರ ಅಡಗಿಸಿದ್ದನ್ನು, ಮುಟ್ಟಿಸಿದ್ದನ್ನು ಎಲ್ಲ ಹೇಳಿದೆ. ಮಧ್ಯಾಹ್ನದೊಳಗೆ ನೌಕರಿ ಹೋಯಿತು. ನಾಲ್ಕು ಗಂಟೆ ಆಗಿರಲಿಲ್ಲ, ಆದರೂ ಲಕ್ಷ್ಮಪ್ಪ ಬುತ್ತಿ ಬಿಚ್ಚಿದ. ಇಬ್ಬರೂ ಕೂಡಿ ಉಂಡೆವು.

ನೇಮಣ್ಣ

*

ಖಾನಾಪುರ
೨೩ ಫೆಬ್ರುವರಿ ೧೯೨೨

ನನ್ನ ತಮ್ಮಾ,

ಕಾಶವ್ವ ಬಂದಳು. ಚಂದ್ರವ್ವ ಬಾಗಿಲಲ್ಲೇ ತಾಯಿಯ ಹೆಗಲಿಗೆ ತಲೆಯಿಟ್ಟು ಎಷ್ಟೋ ಹೊತ್ತು ನಿಂತಳು. ಎರಡು ಖಣದಿಂದ ಉಡಿ ತುಂಬಿದರು. ನಾನು ಎಂದಿನಂತೆ ಅಡುಗೆಮನೆಯಲ್ಲಿದ್ದೆ. ಕಾಶವ್ವ ಒಳಗೆ ಬಂದು ನನ್ನ ಕೈ ಹಿಡಿದು ಹೊರಗೆ ಎಳೆದಳು. "ಪತ್ರಾ ಬರದ ಕೈ ಇದು, ಮೊದಲ ತುತ್ತು ಈ ಕೈಯಿಂದ ಹೋಗಲಿ" ಎಂದಳು. ಚಂದ್ರವ್ವ ನನ್ನ ಕೈಯಿಂದ ಉಂಡಳು. ಗಂಡ ತೀರಿದ ಮೇಲೆ ನಾನು ಶುಭದ ಮಣೆಯ ಹತ್ತಿರ ನಿಂತದ್ದು ಇದೇ ಮೊದಲು.

ನೌಕರಿ ಹೋಯಿತೆಂದು ಸಂಕಟಪಡಬೇಡ. ನನಗೆ ಹೆಮ್ಮೆಯಾಗಿದೆ ಎಂದು ಬಾಯಿಬಿಟ್ಟೇ ಹೇಳುತ್ತೇನೆ. ಆದರೆ ಉಪವಾಸ ಮಲಗಬೇಡ.

ಅಕ್ಕ

*

ಖಾನಾಪುರ
೧೭ ಆಗಸ್ಟ್ ೧೯೨೨

ನೇಮಣ್ಣಾ,

ಲಕೋಟೆಗೆ ಅರಿಶಿನ ಹಚ್ಚಿದ್ದು ನೋಡಿಯೇ ತಿಳಿದಿರಬೇಕು. ಚಂದ್ರವ್ವ ಹಡೆದಳು. ಹೆಣ್ಣು ಕೂಸು, ತಲೆತುಂಬ ಕೂದಲು, ತಾಯಿಯದೇ ಮೂಗು. ಎರಡು ದಿನ ಮೊಲೆ ಹಿಡಿಯಲಿಲ್ಲ, ಎಲ್ಲರಿಗೂ ಜೀವ ಹೋದಂತಾಗಿತ್ತು. ಅರಿವೆಯ ಬತ್ತಿಯಿಂದ ಬಾಯಿಗೆ ಹಾಲು ಹಿಂಡಿದೆವು. ಇವತ್ತು ಸ್ವಲ್ಪ ಕುಡಿಯಿತು.

"ಸರಕಾರದ ಖಣಾ ಕೊಟ್ಟ ಸೋದರಮಾವಗ ಮೊದಲ ಬರೀರಿ" ಎಂದು ಚಂದ್ರವ್ವ ಹಟ ಹಿಡಿದಳು. ಅದಕ್ಕೇ ನಿನಗೇ ಮೊದಲ ಪತ್ರ.

ಅಕ್ಕ

*

ಬೆಳಗಾವಿ
೨೭ ಆಗಸ್ಟ್ ೧೯೨೨, ರವಿವಾರ

ಅಕ್ಕಾ,

ಮಾವನಾದೆ! ಅಚ್ಚುಕೂಟದಲ್ಲಿ ಕರಡು ತಿದ್ದುವ ಹೊಸ ಕೆಲಸ ಚೆನ್ನಾಗಿ ನಡೆದಿದೆ. ಮದುವೆಯ ಕರೆಯೋಲೆ, ಜಾತ್ರೆಯ ಕರಪತ್ರ, ಎಲ್ಲರೂ ಓದಲಿ ಎಂದು ಬರೆದದ್ದನ್ನೇ ಓದುತ್ತೇನೆ. ಅದರ ಸುಖ ನಿನಗೆ ಹೇಳಿದರೆ ತಿಳಿಯದು.

ನಿನ್ನ ಪತ್ರ ಬರಲು ಏಳು ದಿನ ಹಿಡಿಯಿತು. ಅಂಟಿನ ಮೇಲೆ ನೀನು ಹಚ್ಚಿದ ಅರಿಶಿನದ ಬೊಟ್ಟು ಎರಡು ತುಂಡಾಗಿತ್ತು, ತುಂಡುಗಳ ಅಂಚು ಕೂಡಿರಲಿಲ್ಲ. ಪಟ್ಟಿಯಲ್ಲಿ ಈಗ ನನ್ನ ಹೆಸರೂ ಇದೆ ಎಂದು ಆಗಲೇ ತಿಳಿಯಿತು. ಆದರೂ ಸುಮ್ಮನಿದ್ದೆ. ಕೂಸಿನ ಸುದ್ದಿಯನ್ನು ಇಲ್ಲಿ ಯಾರಿಗೂ ಹೇಳಲಿಲ್ಲ. ಹಸಿ ಬಾಣಂತಿ, ಕಣ್ಣು ತಾಗಬಾರದು ಎಂಬುದನ್ನು ನಾನೂ ಕಲಿತಿದ್ದೇನೆ.

ನಿನ್ನೆ ಖಡೇಬಜಾರದಲ್ಲಿ ಲಕ್ಷ್ಮಪ್ಪ ಸಿಕ್ಕ. ಎಷ್ಟೋ ದಿನದ ಮೇಲೆ ಕಂಡದ್ದು. ಕೈ ಹಿಡಿದುಕೊಂಡು ಮಳೆ, ಬೆಳೆ, ಅವನ ತಾಯಿ ಎಲ್ಲ ಮಾತಾಡಿದ. ಹೊರಡುವಾಗ ತಿರುಗಿ ನಿಂತು, ನಿಜವಾದ ಚಿಂತೆಯಿಂದ ಕೇಳಿದ:

"ಕೂಸು ಈಗ ಛಲೋತಂಗ ಹಾಲು ಕುಡೀತದೇನ್ರಿ ನೇಮಣ್ಣಾರ?"

ಕೇಳಿದ ಮೇಲೆ ಅವನಿಗೇ ಹೊಳೆಯಿತು. ಆರು ತಿಂಗಳ ಹಿಂದಿನ ನನ್ನನ್ನೇ ನೋಡಿದಂತಾಯಿತು. ಅವನಿಗೆ ಬೈಯಲು ನನಗೆ ಯಾವ ಬಾಯಿ? "ಕುಡೀತದ ಲಕ್ಷ್ಮಪ್ಪಾ" ಎಂದೆ. ಅವನು ಅಲ್ಲಿಯೇ ತಲೆ ತಗ್ಗಿಸಿ ನಿಂತುಬಿಟ್ಟ.

ಅವನು ಒಳ್ಳೆಯವನು ಅಕ್ಕಾ. ನಾನೂ ಒಳ್ಳೆಯವನೇ ಇದ್ದೆ. ಒಳ್ಳೆಯವರನ್ನು ಕೂಡಿಸಿದರೂ ಆ ಕೋಣೆ ಒಳ್ಳೆಯದಾಗುವುದಿಲ್ಲ.

ಇದನ್ನು ಬೇಕೆಂದೇ ಟಪಾಲಿಗೆ ಹಾಕುತ್ತಿದ್ದೇನೆ. ಲಕ್ಷ್ಮಪ್ಪ ಓದಲಿ. ಅವನ ಸಾಹೇಬರೂ ಓದಲಿ. ಕೂಸಿಗೆ ಐದು ತುಂಬಿದ ಕೂಡಲೇ ನಿನ್ನ ಸಾಲೆಯಲ್ಲಿ ಮೊದಲ ಸಾಲಿಗೆ ಕೂಡಿಸಿ ಅಕ್ಷರ ಕಲಿಸು. ಅವಳ ಹೆಸರಿಗೆ ಮೊದಲ ಪತ್ರವನ್ನು ನಾನೇ ಬರೆಯುತ್ತೇನೆ. ಅದನ್ನು ಅವಳೇ ಮೊದಲು ಒಡೆಯಲಿ.

ನಿನ್ನ
ನೇಮವ್ವ